ಸೋಲುವ ಟೆಂಡರ್ ಬರೆಯುವವಳು

ಸೆಗರವನ ಜಿಲ್ಲೆಯಲ್ಲಿ ಸರ್ಕಾರಿ ಟೆಂಡರ್ ಗೆಲ್ಲಬಲ್ಲ ಕಂಟ್ರಾಕ್ಟರುಗಳು ಹತ್ತಾರು ಮಂದಿ ಇದ್ದರು. ಅಚ್ಚುಕಟ್ಟಾಗಿ ಸೋಲುವುದು ಮಾತ್ರ ಕುಸ್ರಿನಿಯೊಬ್ಬಳಿಗೇ ಗೊತ್ತಿತ್ತು.

ಕಂಟ್ರಾಕ್ಟರ್ ಹಾಜಿ ಮಸ್ರುಕಿನ್‌ನ ಸಿಮೆಂಟ್ ಗೋದಾಮಿನ ಹಿಂದೆ ಅವಳ ಕೋಣೆ. ಕಿಟಕಿ ತೆರೆದರೆ ಉಪ್ಪಿನ ಗದ್ದೆಗಳು, ಅದರಾಚೆ ಸಮುದ್ರದ ಬೂದು ಗೆರೆ. ಹದಿನಾರು ವರ್ಷದಿಂದ ಅದೇ ಮೇಜಿನ ಮುಂದೆ ಕೂತು ಅವಳು ಟೆಂಡರ್ ಕಾಗದ ತಯಾರಿಸುತ್ತಿದ್ದಳು. ಒಂದು ಕಾಮಗಾರಿಗೆ ಮೂರು ಕಂಪನಿಗಳಾದರೂ ಪೈಪೋಟಿ ನಡೆಸಿದರೆ ಸರ್ಕಾರದ ಕಣ್ಣಿಗೆ ಚೆಂದ. ಹಾಜಿ ಮೂರು ಕಂಪನಿಗಳನ್ನೂ ತಾನೇ ಒದಗಿಸುತ್ತಿದ್ದ. ಒಂದು ಅವನ ಸ್ವಂತ ಹೆಸರಿನದು. ಇನ್ನೊಂದು ಅವನ ಕಾರು ಓಡಿಸುವ ಸರಿಮಾನ್ ಹೆಸರಿನದು. ಮೂರನೆಯದು ಗೋದಾಮಿನ ಕಾವಲು ಕಾಯುವ ಮುದುಕ ಪೊನಿದಿಯದು. ಸರಿಮಾನ್‌ಗಾಗಲಿ ಪೊನಿದಿಗಾಗಲಿ ತಮ್ಮ ಕಂಪನಿಯ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ, ಬಾಗಿಲೇ ಇರಲಿಲ್ಲ.

ಮೂರೂ ಕಂಪನಿಗಳ ಬಿಡ್ ಬರೆಯುತ್ತಿದ್ದವಳು ಕುಸ್ರಿನಿಯೇ. ಗೆಲ್ಲಬೇಕಾದದ್ದನ್ನು ಬರೆಯುವುದು ಸುಲಭ. ಸೋಲಬೇಕಾದವಕ್ಕೆ ಕೈಚಳಕ ಬೇಕು. ಸರಿಮಾನ್ ಕಂಪನಿಯ ಬ್ಯಾಂಕ್ ಗ್ಯಾರಂಟಿಯ ಅವಧಿ ಒಂದು ದಿನ ಕಡಿಮೆ ಇರುವಂತೆ ನೋಡಿಕೊಳ್ಳುತ್ತಿದ್ದಳು. ಪೊನಿದಿ ಕಂಪನಿಯ ಎಂಜಿನಿಯರ್ ಸರ್ಟಿಫಿಕೇಟಿನ ಅವಧಿ ಹಿಂದಿನ ತಿಂಗಳು ಮುಗಿದಿರುತ್ತಿತ್ತು. ಒಂದು ಕಂಪನಿ ದೊಡ್ಡ ಅಕ್ಷರದಲ್ಲಿ ಬರೆಯುತ್ತಿತ್ತು, ಇನ್ನೊಂದಕ್ಕೆ ಅಲ್ಪವಿರಾಮ ಹಾಕುವ ಅಭ್ಯಾಸವೇ ಇರಲಿಲ್ಲ. ಒಂದರ ಕಡತ ಗೋದಾಮಿನಿಂದ, ಒಂದು ಬಸ್ ನಿಲ್ದಾಣದ ಇಂಟರ್ನೆಟ್ ಅಂಗಡಿಯಿಂದ, ಇನ್ನೊಂದು ಮೀನು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಕೂತು ಮೊಬೈಲಿನಿಂದ ಕಳಿಸುತ್ತಿದ್ದಳು. ಯಾರೂ ಬೆರಳು ತೋರಿಸುವಂತಿರಲಿಲ್ಲ.

"ನನ್ನ ಕಣ್ಣು ಹೋದ್ರೂ ಪರವಾಗಿಲ್ಲ, ಕುಸ್ರಿನಿ ಒಬ್ಬಳು ಇದ್ರೆ ಸಾಕು" ಎಂದು ಹಾಜಿ ಬಂದವರ ಮುಂದೆಲ್ಲ ಹೇಳುತ್ತಿದ್ದ. ಊರು ಅವನನ್ನು ಅಬಾ ಎಂದು ಕರೆಯುತ್ತಿತ್ತು, ಮನೆಯ ಹಿರಿಯನನ್ನು ಕರೆಯುವ ಹಾಗೆ. ಅವಳೂ ಹಾಗೆಯೇ ಕರೆಯುತ್ತಿದ್ದಳು. ಹಬ್ಬ ಬಂದರೆ ಅವಳಿಗೆ ಶರಬತ್ತಿನ ಬಾಟಲಿ, ಬಿಸ್ಕತ್ತಿನ ಡಬ್ಬ, ಬಾಟಿಕ್ ಬಟ್ಟೆ. ಅವಳ ತಾಯಿಯ ಹೊಟ್ಟೆಯ ಆಪರೇಷನ್ನಿಗೆ ಕೊಟ್ಟವನೂ ಅವನೇ. ಅವನ ಕೈ ದೊಡ್ಡದು ಎಂದು ತಾಯಿ ಸಾಯುವವರೆಗೂ ಹರಸುತ್ತಿದ್ದಳು.

ಹತ್ತು ವರ್ಷದ ಹಿಂದೆ ಆ ಕೈ ಅವಳ ತಮ್ಮನ ಕುತ್ತಿಗೆಗೆ ಬಂತು.

ತಮ್ಮ ಬಾಗ್ಯೊ ವೆಲ್ಡಿಂಗ್ ಕೆಲಸದವನು. ಹಳ್ಳಿ ಕಚೇರಿಗಳಿಗೆ ಕಬ್ಬಿಣದ ಗೇಟು, ಕಿಟಕಿ ಸರಳು ಮಾಡಿಕೊಡಲು ಅವನ ಹೆಸರಲ್ಲೊಂದು ಪುಟ್ಟ ಕಂಪನಿ ನೋಂದಣಿಯಾಗಿತ್ತು. ಆ ವರ್ಷ ಒಂದು ಪ್ರಾಥಮಿಕ ಶಾಲೆಯ ಕಾಮಗಾರಿ ಸಣ್ಣ ಕಂಪನಿಗಳಿಗೇ ಮೀಸಲು ಎಂದು ಬಂತು. ಹಾಜಿಯ ಕಂಪನಿಗಳೆಲ್ಲ ಆ ಅಳತೆ ಮೀರಿ ಬೆಳೆದಿದ್ದವು. "ನಿನ್ನ ತಮ್ಮನ ಬಾವುಟ ಸ್ವಲ್ಪ ದಿನ ಕೊಡಿಸು" ಎಂದ. ಆ ಕಡೆಯಲ್ಲಿ ಕಂಪನಿಯ ಹೆಸರನ್ನು ಎರವಲು ಪಡೆಯುವುದಕ್ಕೆ ಹಾಗೆನ್ನುತ್ತಾರೆ. ಕುಸ್ರಿನಿ ಕಾಗದ ಹಿಡಿದುಕೊಂಡು ತಮ್ಮನ ಅಂಗಡಿಗೆ ಹೋದಳು. ಅವನು ಕಣ್ಣಿಗೆ ಕಟ್ಟಿದ್ದ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಮಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಏನಕ್ಕ ಇದು?" ಎಂದ.

"ಸಹಿ ಹಾಕು ಮಾರಾಯ, ಏನೂ ಆಗಲ್ಲ."

ಹಾಕಿದ. ಶಾಲೆ ಕಟ್ಟಿದವನು ಹಾಜಿ. ಚಾವಣಿಯ ಉಕ್ಕಿನ ಪಟ್ಟಿಗಳನ್ನು ತೆಳುವಿನಲ್ಲಿ ತೆಳುವಾದದ್ದನ್ನು ನೋಡಿ ತಂದವನೂ ಹಾಜಿ. ಒಂದೂವರೆ ವರ್ಷಕ್ಕೆ, ಮಳೆ ಜೋರಾಗಿದ್ದ ಒಂದು ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ ಪುಸ್ತಕ ಜೋಡಿಸುತ್ತ ಉಳಿದಿದ್ದ ಒಬ್ಬ ಟೀಚರಮ್ಮನ ಮೇಲೆ ಚಾವಣಿ ಕುಸಿಯಿತು. ಆಕೆ ಉಳಿಯಲಿಲ್ಲ.

ಕೋರ್ಟಿನಲ್ಲಿ ನ್ಯಾಯಾಧೀಶರು ಬಾಗ್ಯೊನನ್ನು ಕೇಳಿದರು, "ಕರಾರು ಓದಲಿಲ್ಲವಾ?" ಅವನು "ಓದಲಿಲ್ಲ, ಸಹಿ ಮಾತ್ರ ಹಾಕಿದೆ" ಎಂದಾಗ ಹಿಂದೆ ಕೂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಕ್ಷಿಯಾಗಿ ಬಂದ ಹಾಜಿ ಬಿಳಿ ಟೋಪಿ ಸರಿಮಾಡಿಕೊಂಡು ಹೇಳಿದ, "ಈತ ನನ್ನ ಅಂಗಡೀಲಿ ಸಿಮೆಂಟ್ ತಗೊಂಡು ಹೋಗ್ತಿದ್ದ. ನನಗೂ ಅವನಿಗೂ ಅಷ್ಟೇ ಪರಿಚಯ."

ಕುಸ್ರಿನಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಹಿಂದಿನ ದಿನ ಹಾಜಿ ಅವಳಿಗೆ ಮೆತ್ತಗೆ ಹೇಳಿದ್ದ: "ನೀನು ಬಾಯಿ ಬಿಟ್ರೆ ಅಕ್ಕ ತಮ್ಮ ಇಬ್ರೂ ಒಳಗೆ. ಮನೇಲಿ ನಿಮ್ಮಮ್ಮನಿಗೆ ಗಂಜಿ ಹಾಕೋರು ಯಾರು? ಸುಮ್ನಿರು. ವಕೀಲರನ್ನ ನಾನು ನೋಡ್ಕೋತೀನಿ, ವರ್ಷದೊಳಗೆ ಹೊರಗೆ ತರ್ತೀನಿ." ವಕೀಲ ಎರಡು ಸಲ ಬಂದು ಮೂರನೆಯ ಸಲ ಬರಲಿಲ್ಲ. ಬಾಗ್ಯೊಗೆ ನಾಲ್ಕು ವರ್ಷ ಜೈಲಾಯಿತು. ಹೆಂಡತಿ ಮಗಳನ್ನು ಕರೆದುಕೊಂಡು ಸುರಬಾಯ ನಗರಕ್ಕೆ ಹೊರಟುಹೋದಳು. ಅಂಗಡಿ ಬೇರೆಯವರ ಪಾಲಾಯಿತು. ತಾಯಿ ಮಗನ ಮುಖ ನೋಡದೆ ಸತ್ತಳು.

ಹೊರಗೆ ಬಂದವನು ಅಕ್ಕನ ಮನೆಯ ಹಿಂಬದಿಯ ಕೋಣೆಯಲ್ಲಿ ಉಳಿದುಕೊಂಡ. ಮೀನು ಕೆರೆಗಳ ಪಂಪು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಅಕ್ಕನನ್ನು ಬೈಯಲಿಲ್ಲ, ಜಗಳವಾಡಲಿಲ್ಲ. "ಊಟ ಆಯ್ತು", "ಬರ್ತೀನಿ", "ಹೂಂ" ಬಿಟ್ಟರೆ ಮೂರು ವರ್ಷದಲ್ಲಿ ಅವಳೊಡನೆ ಬೇರೆ ಮಾತೇ ಆಡಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತಟ್ಟೆಯ ಮೇಲೆ ಬಗ್ಗಿದ ಆ ತಲೆಯನ್ನು ನೋಡಲಾರದೆ ತನ್ನ ತಟ್ಟೆ ಎತ್ತಿಕೊಂಡು ಒಲೆಯ ಬಳಿಗೆ ಹೋಗುತ್ತಿದ್ದಳು.

ಆದರೂ ಬೆಳಗಾದರೆ ಗೋದಾಮಿಗೆ ಹೋಗುತ್ತಿದ್ದಳು. ಅಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದಳೆಂದೇ ಹೇಳಬೇಕು. ಕೆಲಸ ಬಿಟ್ಟರೆ ಹಾಜಿ ಕೈತಪ್ಪಿ ಹೋಗುತ್ತಾನೆ ಎಂಬುದೊಂದೇ ಅವಳಿಗೆ ಸ್ಪಷ್ಟವಾಗಿತ್ತು. ಏನು ಮಾಡಬೇಕು ಎಂಬುದು ತಿಳಿದಿರಲಿಲ್ಲ.

ಅದನ್ನು ಹಾಜಿಯೇ ತಿಳಿಸಿಕೊಟ್ಟ.

ಒಂದು ಬೆಳಿಗ್ಗೆ ಅವನು ಅಂಗಳದಲ್ಲಿ ತನ್ನ ಹಾಡುವ ಪಾರಿವಾಳಗಳ ಪಂಜರಗಳನ್ನು ಕಂಬಕ್ಕೇರಿಸುತ್ತಿದ್ದ. ಆ ಹಕ್ಕಿಗಳೆಂದರೆ ಅವನಿಗೆ ಜೀವ. ಕುಸ್ರಿನಿ ಕಾಫಿ ತಂದಿಟ್ಟಳು. ಹಾಜಿ ಹಗ್ಗ ಎಳೆಯುತ್ತಲೇ ಹೇಳಿದ, "ಮುಂದಿನ ವರ್ಷ ಜಿಲ್ಲಾಸ್ಪತ್ರೆಗೆ ಹೆರಿಗೆ ವಿಭಾಗ ಕಟ್ತಾರಂತೆ. ನಾಲ್ಕಂತಸ್ತು. ನಾನು ಇಷ್ಟು ವರ್ಷದಲ್ಲಿ ಹಿಡಿದದ್ದೆಲ್ಲ ಸೇರಿಸಿದ್ರೂ ಅದರ ಅರ್ಧ ಆಗಲ್ಲ."

"ಒಳ್ಳೇದಾಯ್ತು ಅಬಾ."

"ಅದರ ಸುತ್ತಮುತ್ತ ಸಣ್ಣಪುಟ್ಟ ಕೆಲಸಾನೂ ಇರತ್ತೆ. ಅದಕ್ಕೊಂದು ಹೊಸ ಹೆಸರು ಬೇಕು. ನಿನ್ನ ತಮ್ಮ ನೋಡು, ಬಂಗಾರದಂಥ ಹುಡುಗ. ಒಳಗೆ ಹೋದ, ಬಂದ, ತುಟಿ ಪಿಟಕ್ಕನ್ನಲಿಲ್ಲ. ಅಂಥವನು ನಿಮ್ಮ ಕಡೆ ಇನ್ನೊಬ್ಬ ಇದ್ದಾನಂತಲ್ಲ, ನಿನ್ನ ಚಿಕ್ಕಪ್ಪನ ಮಗ? ಕೇಳಿ ನೋಡು."

ಹಕ್ಕಿ ಕೂಗಿತು. ಹಾಜಿ ಕತ್ತೆತ್ತಿ ಅದನ್ನೇ ನೋಡುತ್ತ ನಕ್ಕ. ಕುಸ್ರಿನಿ ಕಾಫಿ ಲೋಟವನ್ನು ಅವನ ಕಡೆ ಸರಿಸಿದಳು. ಏಳು ವರ್ಷ ಉರಿದದ್ದು ಆ ಗಳಿಗೆಯಲ್ಲಿ ಗಟ್ಟಿಯಾಯಿತು.

"ಕೇಳ್ತೀನಿ ಅಬಾ. ಇನ್ನೊಂದು ವಿಷಯ. ಹೊಸ ಸುತ್ತೋಲೆ ಬಂದಿದೆ. ಕಂಪನಿಯ ನಿಜವಾದ ಮಾಲೀಕ ಯಾರು ಅಂತ ಇನ್ಮೇಲೆ ನೋಂದಣಿ ಮಾಡಿಸಬೇಕಂತೆ. ಸರಿಮಾನ್‌ದು, ಪೊನಿದಿಯಜ್ಜನದು, ಎರಡಕ್ಕೂ ಏನು ಬರೀಲಿ?"

"ನಿಜವಾದ ಮಾಲೀಕ ಅಂದ್ರೆ ನಿಜವಾದ ಮಾಲೀಕನ್ನೇ ಬರಿ. ಇದನ್ನೂ ನಾನೇ ಹೇಳ್ಬೇಕಾ? ಬೆಳಬೆಳಗ್ಗೆ ತಲೆ ತಿನ್ಬೇಡ."

ಅವನ ಮಾತಿನ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು: ಎಂದಿನಂತೆ ಏನಾದರೂ ಬರೆದು ತೊಲಗಿಸು ಎಂದು. ಅವಳು ಮಾತನ್ನು ಮಾತಿನಂತೆಯೇ ತೆಗೆದುಕೊಂಡಳು.

ಮೊದಲು ಸರಿಮಾನ್‌ನನ್ನು ಕರೆದಳು. ಅವನು ಬಾಗಿಲಲ್ಲೇ ನಿಂತ.

"ಕಂಪನಿಯಿಂದ ನಿನ್ನ ಹೆಸರು ತೆಗೀತಿದ್ದೀನಿ. ಇಲ್ಲಿ ಸಹಿ ಹಾಕು. ಮೊದಲು ಓದು."

"ಕೆಲಸದಿಂದ ತೆಗೆದ್ರಾ ಅಕ್ಕ?"

"ಕೆಲಸ ಎಲ್ಲೂ ಹೋಗಲ್ಲ. ಹೆಸರು ಮಾತ್ರ ಹೋಗತ್ತೆ."

"ಹೋಗ್ಲಿ ಬಿಡಿ, ದೇವರು ದೊಡ್ಡವನು. ತೆರಿಗೆ ಆಫೀಸಿನಿಂದ 'ಮಾನ್ಯ ನಿರ್ದೇಶಕರೇ' ಅಂತ ಕಾಗದ ಬಂದಾಗಲೆಲ್ಲ ನನ್ನ ಹೆಂಡ್ತಿ ಗೋಳೋ ಅಂತ ಅಳ್ತಾಳೆ. ಮಾನ್ಯ ಅಂದ್ರೆ ಬೈಗುಳ ಅನ್ಕೊಂಡಿದ್ದಾಳೆ."

"ಓದಿದ್ಯಾ?"

"ನೀವು ಬರೆದದ್ದಲ್ವಾ, ಓದೋದೇನಿದೆ."

"ಓದು ಅಂದೆ" ಎಂದಳು. ಅವಳ ದನಿಗೆ ಬೆಚ್ಚಿ ಅವನು ಬೆರಳಿಟ್ಟು ಒಂದೊಂದೇ ಸಾಲು ಓದಿದ. ಮುದುಕ ಪೊನಿದಿಗೆ ಅವಳೇ ಓದಿ ಹೇಳಿದಳು. ಆ ಇಬ್ಬರ ಹೆಸರೂ ಎರಡು ಕಂಪನಿಗಳಿಂದ ಪೂರ್ತಿ ಅಳಿಸುವವರೆಗೆ ಮುಂದಿನ ಹೆಜ್ಜೆ ಇಡಲಿಲ್ಲ. ಬಾಗ್ಯೊಗೆ ಆದದ್ದು ಇನ್ನೊಬ್ಬ ಬಡವನಿಗೆ ತನ್ನ ಕೈಯಿಂದ ಆಗಬಾರದೆಂದು ಗಟ್ಟಿ ಮಾಡಿಕೊಂಡಿದ್ದಳು. ಚಿಕ್ಕಪ್ಪನ ಮಗನಿಗೆ ಫೋನು ಮಾಡಿ, ಹಾಜಿಯ ಕಡೆಯವರು ಯಾರಾದರೂ ಬಂದರೆ ಬೆರಳು ಮುರಿದಿದೆ, ಸಹಿ ಹಾಕಲಾಗದು ಎಂದು ಹೇಳು ಎಂದಳು.

ಆಮೇಲೆ ನೋಟರಿ. ಕಂಪನಿಯ ಪತ್ರ ಬದಲಾಗಬೇಕಾದರೆ ನೋಟರಿ ಅದನ್ನು ಸಹಿ ಹಾಕುವವನ ಎದುರು ಗಟ್ಟಿಯಾಗಿ ಓದಿ ಹೇಳಬೇಕು, ಅದು ಕಾನೂನು. ಈ ನೋಟರಿ ಹದಿನಾರು ವರ್ಷದಲ್ಲಿ ಹಾಜಿಗೆ ಒಂದು ಸಾಲನ್ನೂ ಓದಿ ಹೇಳಿದವನಲ್ಲ. ಆದರೆ ಈ ಸಲ ಕರಡು ನೋಡಿ ಅವನಿಗೂ ಅನುಮಾನ ಬಂತು. ಗೋದಾಮಿಗೆ ಫೋನು ಮಾಡಿದ. ಹಾಜಿ ಆಗ ಕುಸ್ರಿನಿಯ ಮೇಜಿನ ಪಕ್ಕದಲ್ಲೇ ನಿಂತು ಸೋಯಾ ಕಾಳಿನ ಟೆಂಪೆ ಬಜ್ಜಿ ತಿನ್ನುತ್ತಿದ್ದ. ಅವಳು ಫೋನಿನ ದನಿ ಜೋರು ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು.

"ಅಬಾ, ಕುಸ್ರಿನಿ ಕಳಿಸಿದ ಕಾಗದ ನೋಡಿದೆ. ಎರಡು ಕಂಪನೀಗೂ ನಿಮ್ಮ..."

"ಕುಸ್ರಿನಿ ಕಳಿಸಿದ್ದಾಳೆ ತಾನೆ?"

"ಹೌದು, ಆದರೆ ಹೆಸರು..."

"ಅವಳು ಹೇಳಿದ್ರೆ ನಾನು ಹೇಳಿದ ಹಾಗೆ. ನಿಮಗೆ ಓದಕ್ಕೆ ಬರಲ್ವಾ, ಇಲ್ಲ ನನ್ನ ಕೆಲಸ ಬೇಡ್ವಾ? ಬೇರೆ ನೋಟರಿಗಳೂ ಇದ್ದಾರೆ ಊರಲ್ಲಿ." ಬಜ್ಜಿಯ ಎಣ್ಣೆಯನ್ನು ಅವಳ ಮೇಜಿನ ಮೇಲಿದ್ದ ಕಾಗದಕ್ಕೆ ಒರೆಸಿ ಅವನು ಹೊರಟುಹೋದ.

ಶುಕ್ರವಾರ ಮಸೀದಿಗೆ ಹೊರಡುವ ಗಡಿಬಿಡಿಯಲ್ಲಿ ಹಾಜಿ ವಾರದ ಕಾಗದಗಳಿಗೆಲ್ಲ ಒಟ್ಟಿಗೆ ಸಹಿ ಹಾಕುವ ಪದ್ಧತಿ. ಆ ಶುಕ್ರವಾರ ಕುಸ್ರಿನಿ ಕಟ್ಟನ್ನು ಎಂದಿನಂತೆ ಹಳದಿ ಚೀಟಿ ಅಂಟಿಸಿ ಮುಂದಿಟ್ಟಳು. ನೋಟರಿಯ ಗುಮಾಸ್ತ ಸಾಕ್ಷಿಗೆ ನಿಂತಿದ್ದ. ಹಾಜಿ ಒಂದು ಕೈಯಲ್ಲಿ ಸುಗಂಧದ ಸೀಸೆ ಹಿಡಿದು ಕುತ್ತಿಗೆಗೆ ಸವರಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಸಹಿ ಗೀಚಿದ. "ಮುಗೀತಾ?" ಎಂದ. "ಮುಗೀತು ಅಬಾ" ಎಂದಳು. ಮೂರೂ ಕಂಪನಿಗಳ ಮಾಲೀಕ, ನಿರ್ದೇಶಕ, ಕರಾರಿಗೆ ಹೊಣೆಗಾರ, ಎಲ್ಲ ಅವನೊಬ್ಬನೇ ಆದ. ಹದಿನಾರು ವರ್ಷದಲ್ಲಿ ಆ ಕೋಣೆಯಿಂದ ಹೊರಟ ಮೊದಲ ನಿಜವಾದ ಕಾಗದ ಅದು.

ಆಸ್ಪತ್ರೆಯ ಟೆಂಡರ್ ಬಂತು. ಹಾಜಿಯ ಜೊತೆ ಸುರಬಾಯದ ಒಂದಿಬ್ಬರು ದೊಡ್ಡವರೂ ಕೈ ಸೇರಿಸಿದ್ದರು. ಟೆಂಡರ್ ಸಮಿತಿಯ ಮುಖ್ಯಸ್ಥ ಹರ್ಜಿತೊಗೆ ಸಲ್ಲಬೇಕಾದದ್ದು ಮುಂಚೆಯೇ ಸಂದಿತ್ತು. ಕಾಮಗಾರಿಯ ಷರತ್ತುಗಳನ್ನು ಬರೆದದ್ದೂ ಸಮಿತಿಯಲ್ಲ, ಹಾಜಿ ಹೇಳಿದಂತೆ ಕುಸ್ರಿನಿಯೇ. ಜಿಲ್ಲೆಯಲ್ಲಿ ಇಂಥ ಅಳತೆಯ ಸ್ವಂತ ಕಾಂಕ್ರೀಟ್ ಯಂತ್ರ ಇದ್ದವರೇ ಅರ್ಜಿ ಹಾಕಬೇಕು ಎಂಬ ಷರತ್ತಿತ್ತು. ಆ ಅಳತೆಯ ಯಂತ್ರ ಇದ್ದದ್ದು ಹಾಜಿಯ ಹತ್ತಿರ ಮಾತ್ರ.

ಕುಸ್ರಿನಿ ಮೂರು ಬಿಡ್ ಬರೆದಳು. ಈ ಸಲ ಯಾವ ಕೈಚಳಕವನ್ನೂ ತೋರಲಿಲ್ಲ. ಒಂದೇ ಅಕ್ಷರ, ಒಂದೇ ಒಕ್ಕಣೆ. 'ಅಡಿಪಾಯ' ಎಂಬಲ್ಲಿ ಒಂದು ಅಕ್ಷರ ತಪ್ಪು ಬಿದ್ದದ್ದು ಮೂರರಲ್ಲೂ ಒಂದೇ ಸಾಲಿನಲ್ಲಿ ಬಿತ್ತು. ಬಸ್ ನಿಲ್ದಾಣಕ್ಕೂ ಹೋಗಲಿಲ್ಲ, ಮೀನು ಮಾರ್ಕೆಟ್ಟಿಗೂ ಹೋಗಲಿಲ್ಲ. ಹಾಜಿಯ ಹೆಸರಿನ ಫೋನ್ ಲೈನಿನಿಂದಲೇ ಹತ್ತು ಹತ್ತು ನಿಮಿಷಕ್ಕೊಂದರಂತೆ ಮೂರನ್ನೂ ಕಳಿಸಿದಳು. ಮೂರರ ಕೊನೆಯಲ್ಲೂ ಒಂದೇ ಸಹಿ.

ಇದನ್ನು ಯಾರಾದರೂ ತೆರೆದು ನೋಡಿದರೆ ಅಲ್ಲಿಗೇ ಆಟ ಮುಗಿಯುತ್ತಿತ್ತು. ಆದರೆ ಸೋತವರ ಕಡತವನ್ನು ಸೆಗರವನದಲ್ಲಿ ಯಾರೂ ಓದುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮರುದಿನ ಹರ್ಜಿತೊ ಫೋನು ಮಾಡಿದ.

"ಎಲ್ಲ ಎಂದಿನ ಹಾಗೇ ತಾನೆ ಮೇಡಂ?"

"ಎಂದಿನ ಹಾಗೇ ಸರ್."

"ಹೊರಗಿನವನು ಒಬ್ಬ ತೂರಿಕೊಂಡಿದ್ದಾನೆ, ಸುರಬಾಯದವನು. ನಿಮಗಿಂತ ಕಡಿಮೆಗೆ ಹಾಕಿದ್ದಾನೆ."

"ಯಂತ್ರ ಇದೆಯಾ ಅವರ ಹತ್ರ?"

"ಬಾಡಿಗೆಗೆ ತರ್ತಾನಂತೆ. ಷರತ್ತಿನಲ್ಲಿ ಸ್ವಂತದ್ದು ಅಂತಿದೆಯಲ್ಲ, ಎತ್ತಿ ಹಾಕಿದೆ ಆಚೆಗೆ." ಹರ್ಜಿತೊ ನಕ್ಕ. ಅವಳೂ ನಕ್ಕಳು. ಆ ಹೊರಗಿನವನ ಹೆಸರು, ಅವನನ್ನು ತಳ್ಳಿದ ದಿನ, ಗಂಟೆ ಎಲ್ಲ ಬರೆದಿಟ್ಟುಕೊಂಡಳು.

ಕರಾರಿಗೆ ಸಹಿ ಬೀಳುವವರೆಗೆ ಅವಳು ಕಾದಳು. ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ ಹೂಗುಚ್ಛ ಹಿಡಿದು ಹಾಜಿ ಫೋಟೋ ತೆಗೆಸಿಕೊಂಡ. ಮುಂಗಡ ಅವನ ಖಾತೆಗೆ ಬಂತು. ಅದರ ಮಾರನೆಯ ವಾರ ಕುಸ್ರಿನಿ ಎರಡು ದಿನ ರಜೆ ಕೇಳಿದಳು. "ಹೋಗಿ ಬಾ, ತಮ್ಮನಿಗೆ ಏನಾದ್ರೂ ಬಟ್ಟೆ ಕೊಡಿಸು" ಎಂದು ಹಾಜಿ ಕೈಗಿಷ್ಟು ಕೊಟ್ಟ. ಅವಳು ಸುರಬಾಯದ ಬಸ್ಸು ಹತ್ತಿದಳು. ಮಡಿಲಲ್ಲಿ ಬಟ್ಟೆಯ ಚೀಲ. ಅದರೊಳಗೆ ಮೂರೂ ಕಂಪನಿಗಳ ಮೊಹರು, ಹದಿನಾರು ವರ್ಷದ ನೋಟು ಪುಸ್ತಕಗಳು, ಶಾಲೆಯ ಕಾಮಗಾರಿಗೆ ಹಾಜಿಯ ಕೈಬರಹದಲ್ಲಿದ್ದ ಉಕ್ಕಿನ ಅಳತೆಯ ಚೀಟಿ.

ಭ್ರಷ್ಟಾಚಾರ ತನಿಖಾ ಕಚೇರಿಯಲ್ಲಿ ಕೂತಿದ್ದವಳು ಅವಳಿಗೆ ಮಗಳಾಗಬಹುದಾದ ವಯಸ್ಸಿನ ಅಧಿಕಾರಿ. ಕಾಗದ ಮಗುಚುತ್ತ ಮಗುಚುತ್ತ ಆಕೆಯ ಹುಬ್ಬು ಮೇಲೇರಿತು.

"ಅಮ್ಮಾ, ಇದನ್ನೆಲ್ಲ ಬರೆದವರು ನೀವೇ. ನಿಮ್ಮನ್ನೂ ಬಿಡಕ್ಕಾಗಲ್ಲ. ಗೊತ್ತಾ?"

"ಗೊತ್ತಮ್ಮ. ನಂದು ಹನ್ನೊಂದನೇ ಪುಟದಿಂದ ಶುರು. ಪುಟದ ನಂಬರ್ ಹಾಕಿದ್ದೀನಿ, ಹುಡುಕೋ ಕಷ್ಟ ಇಲ್ಲ."

ಎರಡು ತಿಂಗಳಿಗೆ ನೋಟಿಸು ಬಂತು. ಆ ಸಂಜೆ ಹಾಜಿ ಕುಸ್ರಿನಿಯ ಮನೆಗೇ ಬಂದ. ಅಷ್ಟು ವರ್ಷದಲ್ಲಿ ಅವನು ಆ ಜಗಲಿ ಹತ್ತಿದ್ದು ಅದೇ ಮೊದಲು. ಟೋಪಿ ಇರಲಿಲ್ಲ, ತಲೆ ಬೆವೆತಿತ್ತು. ಬಾಗ್ಯೊ ಜಗಲಿಯ ಮೂಲೆಯಲ್ಲಿ ಪಂಪೊಂದನ್ನು ಬಿಚ್ಚಿ ಹರಡಿಕೊಂಡಿದ್ದ. ಕುಸ್ರಿನಿ ಬಾಗಿಲಿಗೆ ಬಂದು ನಿಂತಳು.

"ನಿನಗೆ ಏನು ಕಮ್ಮಿ ಮಾಡಿದ್ದೆ?" ಹಾಜಿ ಕೇಳಿದ. "ಹೇಳು. ನಿಮ್ಮಮ್ಮನ ಆಪರೇಷನ್ ಯಾರು ಮಾಡ್ಸಿದ್ದು? ಹಬ್ಬಕ್ಕೆ ಬಟ್ಟೆ ಯಾರು ಕೊಟ್ಟಿದ್ದು?"

"ನೀವೇ ಅಬಾ."

"ಮತ್ತೆ? ಹಾವಿಗೆ ಹಾಲೆರೆದೆ ನಾನು."

"ಹಾಲು ಲೆಕ್ಕ ಇಟ್ಟಿದ್ದೀರಿ. ನಾಲ್ಕು ವರ್ಷ ಲೆಕ್ಕ ಇಟ್ಟಿಲ್ಲ."

ಹಾಜಿಗೆ ಕ್ಷಣ ಹೊತ್ತು ಅದು ಯಾವ ನಾಲ್ಕು ವರ್ಷ ಎಂಬುದೇ ಹೊಳೆಯಲಿಲ್ಲ. ಅದನ್ನು ಅವನ ಮುಖದ ಮೇಲೆ ಕಂಡಳು ಕುಸ್ರಿನಿ. ಅವಳಲ್ಲಿ ಎಲ್ಲೋ ಉಳಿದಿದ್ದ ಮುಲಾಜು ಅಲ್ಲಿಗೆ ಸತ್ತಿತು.

"ಆ ಸಹಿ ನಂದಲ್ಲ ಅಂತೀನಿ ಕೋರ್ಟಲ್ಲಿ."

"ನಿಮ್ಮದೇ. ನೋಟರಿ ಗುಮಾಸ್ತ ಎದುರಿಗಿದ್ದ. ನೋಟರಿ ಫೋನೂ ಮಾಡಿದ್ರು, ನೀವೇ ಬೈದ್ರಿ."

"ನಿಜವಾದ ಮಾಲೀಕನ ಹೆಸರು ಬರಿ ಅಂದ್ರೆ..." ಮಾತು ಅರ್ಧಕ್ಕೆ ನಿಂತಿತು. ತಾನು ಏನು ಹೇಳುತ್ತಿದ್ದೇನೆಂದು ಅವನಿಗೇ ಕೇಳಿಸಿತು. ಬಾಗ್ಯೊನ ಕಡೆ ತಿರುಗಿದ. ದನಿ ಇಳಿಯಿತು. "ನೀನು ಸಮಾಧಾನದ ಹುಡುಗ. ನೀನಾದ್ರೂ ಹೇಳಪ್ಪ ನಿಮ್ಮಕ್ಕಂಗೆ. ಹೇಳಿಕೆ ವಾಪಸ್ ತಗೊಳ್ಳಲಿ. ನಿನಗೆ ಹೊಸ ಅಂಗಡಿ ಹಾಕ್ಕೊಡ್ತೀನಿ. ನಾವೇನು ಬೇರೆಯವರಾ?"

ಬಾಗ್ಯೊ ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟ. ತಲೆ ಎತ್ತಿದ.

"ನಿಮಗೂ ನನಗೂ ಏನು ಪರಿಚಯ? ನಿಮ್ಮ ಅಂಗಡೀಲಿ ಸಿಮೆಂಟ್ ತಗೊಂಡು ಹೋಗ್ತಿದ್ದೆ. ಅಷ್ಟೇ ಅಲ್ವಾ?"

ಹಾಜಿ ಜಗಲಿಯಿಂದ ಇಳಿಯುವಾಗ ಬಿಚ್ಚಿಟ್ಟ ಪಂಪಿನ ಒಂದು ಚಕ್ರಕ್ಕೆ ಕಾಲು ತಾಗಿ ಮುಗ್ಗರಿಸಿದ. ಅಕ್ಕ ತಮ್ಮ ಇಬ್ಬರೂ ಕೈ ಚಾಚಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತಿದ್ದ ಸರಿಮಾನ್ ಆಕಾಶ ನೋಡುತ್ತಿದ್ದ.

ಅವನು ಹೋದ ಮೇಲೆ ಬಾಗ್ಯೊ ಅಕ್ಕನನ್ನೇ ದಿಟ್ಟಿಸಿದ. "ನೀನೂ ಒಳಗೆ ಹೋಗ್ತೀಯಾ?"

"ಹೋಗ್ತೀನಿ."

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿನಗೆ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅವನು ಮತ್ತೆ ಪಂಪಿನ ಮೇಲೆ ಬಗ್ಗಿದ.

ವಿಚಾರಣೆ ಎಂಟು ತಿಂಗಳು ನಡೆಯಿತು. ಕುಸ್ರಿನಿ ಸಾಕ್ಷಿಯೂ ಹೌದು, ಆರೋಪಿಯೂ ಹೌದು. ಹಾಜಿಯ ವಕೀಲರು ಸುರಬಾಯದಿಂದ ಬಂದ ದೊಡ್ಡ ಹೆಸರಿನವರು. ಅವರಿಗೂ ಹೇಳಲು ಉಳಿದದ್ದು ಒಂದೇ ಮಾತು. ನ್ಯಾಯಾಧೀಶರು ಮೂರು ಬಿಡ್‌ಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರು, "ನಿಮ್ಮ ಜೊತೆ ನೀವೇ ಪೈಪೋಟಿ ಮಾಡಿದ್ದೀರಿ. ಇದನ್ನು ನೋಡಲಿಲ್ಲವಾ?"

"ಓದಲಿಲ್ಲ" ಎಂದ ಹಾಜಿ. "ಸಹಿ ಮಾತ್ರ ಹಾಕಿದೆ."

ಈ ಸಲ ನಕ್ಕವರು ಒಬ್ಬಿಬ್ಬರಲ್ಲ. ಕುಸ್ರಿನಿ ನಗಲಿಲ್ಲ. ಅವಳು ಹಾಜಿಯ ಮುಖವನ್ನು ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಆ ಮಾತು ಬಾಯಿಂದ ಬರುವಾಗ ಕೆಳತುಟಿ ಹೇಗೆ ಜೋಲುತ್ತದೆ, ಕಣ್ಣು ಹೇಗೆ ಯಾರನ್ನೋ ಹುಡುಕುತ್ತದೆ, ಅದ್ಯಾವುದನ್ನೂ ತಪ್ಪಿಸಿಕೊಳ್ಳಬಾರದು ಎಂಬಂತೆ. ಸತ್ತ ಟೀಚರಮ್ಮನ ಗಂಡ ಹಿಂದಿನ ಸಾಲಿನಲ್ಲಿ ಕೂತಿದ್ದ. ಉಕ್ಕಿನ ಅಳತೆಯ ಚೀಟಿಯನ್ನು ಸರ್ಕಾರಿ ವಕೀಲರು ಓದಿದಾಗ ಅವನು ಎದ್ದು ಹೊರಗೆ ಹೋದ. ಹೋಗುವಾಗ ಕುಸ್ರಿನಿಯ ಹತ್ತಿರ ನಿಂತು, "ಇಷ್ಟು ವರ್ಷ ಇದನ್ನ ಚೀಲದಲ್ಲಿ ಇಟ್ಕೊಂಡಿದ್ಯಲ್ಲ ತಾಯಿ" ಎಂದ. ಆ ಮಾತು ಅವಳಿಗೆ ಬಹಳ ದಿನ ಮುಳ್ಳಿನಂತೆ ಚುಚ್ಚುತ್ತಿತ್ತು.

ಹಾಜಿಗೆ ಏಳು ವರ್ಷ ಶಿಕ್ಷೆ. ಹರ್ಜಿತೊಗೆ ನಾಲ್ಕು. ಮೂರು ಕಂಪನಿಗಳೂ ಕಪ್ಪುಪಟ್ಟಿಗೆ ಸೇರಿದವು. ಕುಸ್ರಿನಿಗೆ ಒಂದೂವರೆ ವರ್ಷ. ಬಾಗ್ಯೊನ ಹೆಸರಿನ ಮೇಲಿದ್ದ ಕಳಂಕವನ್ನು ಯಾರೂ ತೊಳೆಯಲಿಲ್ಲ. ಅದು ಬೇರೆ ಕೇಸು, ಮುಗಿದ ಕೇಸು ಎಂದರು.

ಆಸ್ಪತ್ರೆಯ ಜಾಗದಲ್ಲಿ ತಂತಿ ಬೇಲಿ ಬಿತ್ತು. ಮರು ಟೆಂಡರಿಗೆ ಸಹಿ ಹಾಕಲು ಯಾವ ಅಧಿಕಾರಿಗೂ ಧೈರ್ಯ ಬರಲಿಲ್ಲ. ಪೆನ್ನು ಮುಟ್ಟಿದರೆ ಜೈಲು ಎಂದು ಒಬ್ಬರ ಮೇಲೊಬ್ಬರು ಕಡತ ತಳ್ಳಿದರು. ಹೆರಿಗೆ ನೋವಿನವರು ಎಂದಿನಂತೆ ಪಕ್ಕದ ಜಿಲ್ಲೆಗೇ ಹೋಗಬೇಕಾಯಿತು. ಕುಸ್ರಿನಿ ಜೈಲಿಗೆ ಹೊರಡುವ ಮುಂಚೆ ಬೀದಿಯ ನಲ್ಲಿಯ ಹತ್ತಿರ ಪಕ್ಕದ ಮನೆಯವಳು ಅವಳಿಗೆ ಕೇಳುವಂತೆಯೇ ಹೇಳಿದಳು: "ಇವಳ ಹಟ ತೀರ್ತು. ನಮ್ಮ ಸೊಸೆ ಈಗ ವ್ಯಾನಿನಲ್ಲಿ ಹೆರಬೇಕು." ಕುಸ್ರಿನಿ ಬಕೆಟ್ ತುಂಬುವವರೆಗೂ ತಾಳ್ಮೆಯಿಂದ ನಿಂತಳು. ಆಮೇಲೆ ಅಂದಳು, "ಹಾಜಿ ಕಟ್ಟಿದ ಚಾವಣಿ ಕೆಳಗೆ ಹೆರೋದಕ್ಕಿಂತ ವ್ಯಾನು ವಾಸಿ."

ಹೆಂಗಸರ ಜೈಲಿಗೆ ಬಾಗ್ಯೊ ತಿಂಗಳಿಗೊಮ್ಮೆ ಬರುತ್ತಿದ್ದ. ಜೋಳದ ಅನ್ನ, ಉಪ್ಪು ಮೀನು, ಸಂಬಾಲ್ ಚಟ್ನಿ ಡಬ್ಬಿಯಲ್ಲಿ ತುಂಬಿ ತರುತ್ತಿದ್ದ. "ತಿನ್ನು" ಎನ್ನುತ್ತಿದ್ದ, ಅವಳು ತಿನ್ನುತ್ತಿದ್ದಳು, ಗಂಟೆ ಬಾರಿಸಿದರೆ "ಬರ್ತೀನಿ" ಎನ್ನುತ್ತಿದ್ದ. ನಾಲ್ಕನೆಯ ತಿಂಗಳು ಮಾತ್ರ ಅವನ ಮುಖದಲ್ಲಿ ಏನೋ ಬೇರೆ ಇತ್ತು. ಡಬ್ಬಿ ತೆರೆಯುವ ಮುಂಚೆಯೇ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತ.

"ಮೊನ್ನೆ ಹಾಜಿ ಸಾಮಾನು ಹರಾಜಾಯ್ತು."

ಅವಳ ಕೈ ಡಬ್ಬಿಯ ಮೇಲೇ ನಿಂತಿತು.

"ಸರ್ಕಾರ ಜಪ್ತಿ ಮಾಡಿತ್ತಲ್ಲ. ಲಾರಿಗಳು, ಗೋದಾಮು, ಆ ಕಾಂಕ್ರೀಟ್ ಯಂತ್ರ. ನಾನೂ ಹೋಗಿದ್ದೆ. ಸುಮ್ನೆ, ನೋಡಕ್ಕೆ."

"ಯಾರು ಬಂದಿದ್ರು?"

"ಯಾರಿರ್ತಾರೆ? ಅವನ ಗೆಣೆಕಾರ ಕಂಟ್ರಾಕ್ಟರುಗಳೇ. ಅವನ ಮನೇಲಿ ಮೇಕೆ ಮಾಂಸ ತಿಂದು ಬೆಳೆದೋರು. ನಾಲ್ಕು ಜನ. ಬೆಳಗ್ಗೆನೇ ಕಾಫಿ ಅಂಗಡೀಲಿ ಕೂತು ಮಾತಾಡ್ಕೊಂಡು ಬಂದಿದ್ರು. ಅಧಿಕಾರಿ ಯಂತ್ರದ ಬೆಲೆ ಕೂಗಿದ. ಒಬ್ಬ ಕೈ ಎತ್ತಿದ. ಇನ್ನು ಮೂವರಲ್ಲಿ ಒಬ್ಬ ಉಗುರು ಕಚ್ತಾನೆ, ಒಬ್ಬ ಮೊಬೈಲ್ ನೋಡ್ತಾನೆ, ಇನ್ನೊಬ್ಬ ನಿಜವಾಗ್ಲೂ ಆಕಳಿಸಿದ ಅಕ್ಕ. ಹಳೇ ಕಬ್ಬಿಣದ ರೇಟಿಗೆ ಹೋಯ್ತು ಯಂತ್ರ."

ಕುಸ್ರಿನಿಯ ಬಾಯಿಯಿಂದ ಒಂದು ಸದ್ದು ಹೊರಟಿತು. ಕೆಮ್ಮೋ ನಗುವೋ ತಿಳಿಯದೆ ಕಾವಲಿನವಳು ಈ ಕಡೆ ನೋಡಿದಳು.

"ಹಾಜಿಯ ಹೆಂಡ್ತಿ ಅಲ್ಲೇ ನಿಂತಿದ್ದಳು" ಎಂದ ಬಾಗ್ಯೊ. "'ಇದು ಮೋಸ, ಇವರೆಲ್ಲ ಮಾತಾಡ್ಕೊಂಡು ಬಂದಿದ್ದಾರೆ' ಅಂತ ಕಿರುಚಿದಳು. ಅಧಿಕಾರಿ ಏನಂದ ಗೊತ್ತಾ? 'ಅಮ್ಮಾ, ಲಿಖಿತ ದೂರು ಕೊಡಿ.' ಹಾಜಿಗೂ ಸುದ್ದಿ ಮುಟ್ಟಿದೆ. ಗಂಡಸರ ಜೈಲಿನಲ್ಲಿ ನಂಗೆ ಗೊತ್ತಿರೋ ಹಳೇ ಕಾವಲುಗಾರ ಒಬ್ಬ ಇದ್ದಾನಲ್ಲ, ಅವನು ಹೇಳ್ದ. ಎರಡು ದಿನ ಊಟ ಬಿಟ್ಟಿದ್ದನಂತೆ. ಗೋಡೆ ಕಡೆ ಮುಖ ಮಾಡ್ಕೊಂಡು 'ಕಳ್ಳರು, ಕಳ್ಳರು' ಅಂತಾನೇ ಇದ್ದನಂತೆ."

ವರ್ಷಗಟ್ಟಲೆಯ 'ಹೂಂ'ಗಳ ನಂತರ ತಮ್ಮ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದ. ಅವನ ಕೆನ್ನೆ ಕೆಂಪಾಗಿತ್ತು. ಹುಡುಗನಾಗಿದ್ದಾಗ ಪಕ್ಕದ ಬೀದಿಯ ಗಾಳಿಪಟ ಕತ್ತರಿಸಿ ಓಡಿ ಬಂದಾಗ ಹೀಗೆಯೇ ಕಾಣುತ್ತಿದ್ದ.

ಕುಸ್ರಿನಿ ಡಬ್ಬಿ ಬಿಚ್ಚಿದಳು. ಮೀನಿನ ಒಂದು ತುಂಡು ಮುರಿದು ಅವನ ಕೈಗೂ ಕೊಟ್ಟಳು. ಬೆಂಚಿನ ಮೇಲೆ ಕಾಲು ಮಡಚಿ ಸರಿಯಾಗಿ ಕೂತುಕೊಂಡಳು.

"ಮೊದಲಿಂದ ಹೇಳು" ಎಂದಳು. "ಕಾಫಿ ಅಂಗಡಿಯಿಂದ. ನಿಧಾನಕ್ಕೆ."